ಬೆಲ್ಲದ ಪದ ಬಿಟ್ಟುಹೋದ ಕ್ಯಾಸೆಟ್ಟು

1996ರ ಮಾರ್ಚ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ, ಮೂರು ಗಂಟೆ ದಾಟಿದ ಮೇಲೆ, ಪಾಂಡವಪುರದ ಒಂದು ರೆಕಾರ್ಡಿಂಗ್ ಕೋಣೆಗೆ ಮೂವರು ನುಗ್ಗಿದರು. ಸಂಗೀತ ಸಂಯೋಜಕರ ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಕಬ್ಬಿಣದ ಸಲಾಕೆಯಿಂದ ಹೊಡೆದರು. ಮೂರು ಬೆರಳು ಮುರಿದವು. ತಡೆಯಲು ಹೋದ ಡೋಲಕ್ ವಾದಕರ ತಲೆಗೆ ಏಳು ಹೊಲಿಗೆ ಬಿದ್ದವು. ನಾನು ಆ ಕೋಣೆಯಲ್ಲಿದ್ದೆ.

ಮರುದಿನದ ಪತ್ರಿಕೆಯಲ್ಲಿ ಸುದ್ದಿ ನಾಲ್ಕು ಸಾಲು ಬಂತು. ಬರೆದವನು ನಾನೇ. ಪಾಂಡವಪುರದಿಂದ ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸುವುದು ಆಗ ನನ್ನ ಕೆಲಸ. ‘ಹಳೆಯ ದ್ವೇಷವೇ ಕಾರಣ ಎನ್ನಲಾಗಿದೆ’ ಎಂದು ಬರೆದಿದ್ದೆ. ದ್ವೇಷ ಹಳೆಯದಲ್ಲ, ನಾಲ್ಕು ತಿಂಗಳೂ ಆಗಿರಲಿಲ್ಲ. ಅದರ ಬೀಜ ಬಿದ್ದ ದಿನವೂ ನಾನು ಅದೇ ಕೋಣೆಯಲ್ಲಿದ್ದೆ.

ಸಂಯೋಜಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನಾಗಮಂಗಲದವರು, ತಂದೆ ಕಂಚಿನ ಕೆಲಸದವರು. ಎರಕ ಹೊಯ್ದ ಗಂಟೆಯನ್ನು ಬಡಿದು ನೋಡಿ, ನಾದ ಒಡೆದಿದ್ದರೆ ಮತ್ತೆ ಕುಲುಮೆಗೆ ಹಾಕುವ ಮನೆ. ಕೆಟ್ಟ ಗಂಟೆಯನ್ನು ಮಗ ಸರಿಯಾಗಿದೆ ಎಂದಾಗಲೆಲ್ಲ ತಂದೆ ಇಕ್ಕಳದಿಂದ ಬೆನ್ನಿಗೆ ಹೊಡೆಯುತ್ತಿದ್ದರಂತೆ. ಗುರುತು ಮಾಸಿರಲಿಲ್ಲ. ಅಂಗಿ ಎತ್ತಿ ತೋರಿಸುತ್ತ ಒಮ್ಮೆ ಹೇಳಿದ್ದರು:

“ನಮ್ ಸಂಗೀತದ ಗುರು ಯಾರು ಅಂತ ಕೇಳ್ತಾರೆ. ಇಕ್ಕಳ ಅಂದ್ರೆ ನಗ್ತಾರೆ ಕಣ್ರೀ.”

ಮೊದಲು ಅವರು ಆರ್ಕೆಸ್ಟ್ರಾದಲ್ಲಿದ್ದರು. ಕೆ.ಆರ್. ಪೇಟೆಯ ಒಂದು ಕಾರ್ಯಕ್ರಮದಲ್ಲಿ ಮುಂದಿನ ಸಾಲಿನವರು ಕೇಳಿದ ಹಾಡನ್ನು ಎರಡನೆಯ ಸಲ ನುಡಿಸಲಿಲ್ಲ ಎಂದು ಕುರ್ಚಿಗಳು ವೇದಿಕೆಗೆ ಹಾರಿ ಬಂದವು. ಒಂದು ಕುರ್ಚಿಯ ಕಾಲು ಅವರ ಎಡಹುಬ್ಬನ್ನು ಸೀಳಿತು. ಹಾರ್ಮೋನಿಯಂ ಮನೆಗಳ ಮೇಲೆ ರಕ್ತ ತೊಟ್ಟಿಕ್ಕುತ್ತಿದ್ದರೂ ಹಾಡು ಮುಗಿಸಿಯೇ ಎದ್ದರು ಎಂದು ಆ ರಾತ್ರಿ ಡೋಲಕ್ ನುಡಿಸಿದವರು ನನಗೆ ಹೇಳಿದರು. ಅವರು ಶ್ರೀರಂಗಪಟ್ಟಣದ ಸಾಹೇಬರು, ಮದುವೆ ಬ್ಯಾಂಡಿನ ಮನೆತನದವರು. ಮಾರ್ಚ್‌ನಲ್ಲಿ ಏಳು ಹೊಲಿಗೆ ಹಾಕಿಸಿಕೊಂಡವರೂ ಅವರೇ.

ಪಾಂಡವಪುರದಲ್ಲಿ ಮೇಷ್ಟ್ರು ಬಾಡಿಗೆಗೆ ಹಿಡಿದದ್ದು ಅಕ್ಕಿ ಗಿರಣಿಯ ಹಿಂದಿನ ಗೋದಾಮು. ಗೋಡೆಗೆ ಗೋಣಿಚೀಲ, ಬಾಗಿಲಿಗೆ ಹತ್ತಿಯ ಹಾಸಿಗೆ ಬಡಿದಿದ್ದರು. ಗಿರಣಿ ಓಡುವಾಗ ನೆಲವೇ ನಡುಗುತ್ತಿತ್ತು. ಗಿರಣಿಯವರು ಊಟಕ್ಕೆ ನಿಲ್ಲಿಸುವ ಒಂದರಿಂದ ಮೂರು ಗಂಟೆಯೊಳಗೆ ಧ್ವನಿಮುದ್ರಣ ಮುಗಿಯಬೇಕು. ಉಳಿದ ಹೊತ್ತೆಲ್ಲ ತಾಲೀಮು. ತಾಲೀಮಿನಲ್ಲಿ ತಾಳ ತಪ್ಪಿದವರ ಬೆರಳಿನ ಗೆಣ್ಣಿಗೆ ಮೇಷ್ಟ್ರು ಹಿತ್ತಾಳೆಯ ತಾಳದ ಅಂಚಿನಿಂದ ಬಡಿಯುತ್ತಿದ್ದರು. ಇಬ್ಬರು ತಬಲಾದವರು ಅದೇ ಕಾರಣಕ್ಕೆ ಬಿಟ್ಟುಹೋದರು.

ಅವರಿಗೆ ಬಾರದ ಬಗೆ ಇರಲಿಲ್ಲ. ಒಂದೇ ವಾರದಲ್ಲಿ ಊರದೇವರ ಭಕ್ತಿಗೀತೆ, ಉರುಸಿಗೆ ಬೇಕಾದ ಕವ್ವಾಲಿ, ಪೌರಾಣಿಕ ನಾಟಕದ ಕಂದಪದ್ಯ, ಹಾಸ್ಯದ ಕ್ಯಾಸೆಟ್ಟು ಎಲ್ಲವೂ ಆ ಗೋದಾಮಿನಿಂದ ಹೊರಬರುತ್ತಿದ್ದವು. ಸಂಗೀತ ಕೂಡಿಸುವವರು ಅವರೇ, ಮುದ್ರಿಸುವವರು ಅವರೇ, ಬೆಂಗಳೂರಿನಲ್ಲಿ ಪ್ರತಿ ಮಾಡಿಸಿ ತಂದು ಅಂಗಡಿಗೆ ಹಾಕುವವರೂ ಅವರೇ. ಒಂದು ಚುನಾವಣೆಯಲ್ಲಿ ಎರಡು ಪಕ್ಷಗಳಿಗೂ ಒಂದೇ ಧಾಟಿ ಕೊಟ್ಟರು, ತಾಳ ಮಾತ್ರ ಬೇರೆ. ಎರಡು ಜೀಪುಗಳು ಸಂತೆಮಾಳದಲ್ಲಿ ಎದುರಾದಾಗ ವಿಷಯ ಬಯಲಾಯಿತು. ಒಂದು ಕಡೆಯವನು ಗೋದಾಮಿಗೆ ಬಂದು ಚಪ್ಪಲಿಯಿಂದ ಕೆನ್ನೆಗೆ ಹೊಡೆದ. ಮೇಷ್ಟ್ರು ಕೆನ್ನೆ ಒರೆಸಿಕೊಂಡು, “ಕೂತ್ಕೊಳಪ್ಪ, ನಿಂದ್ರ ಶ್ರುತೀನ ಒಂದು ಮನೆ ಮೇಲಕ್ಕೆತ್ತಿ ಕೊಡ್ತೀನಿ” ಎಂದರು. ಅವನು ಕೂತು ಕಾಫಿ ಕುಡಿದು ಹೊಸ ಕ್ಯಾಸೆಟ್ಟು ತೆಗೆದುಕೊಂಡು ಹೋದ.

ಕ್ಯಾಸೆಟ್ಟಿನ ಹೊದಿಕೆಗೆ ಹಾಡುಗಳ ಪಟ್ಟಿ ಬರೆಯುವುದು, ಪ್ರತಿ ಹಾಡಿನ ಸಮಯ ಅಳೆಯುವುದು ನನ್ನ ಪಾಲಿಗೆ ಬಂದಿತ್ತು. ಸಂಬಳದ ಕೆಲಸವಲ್ಲ, ಅಭ್ಯಾಸ.

1995ರ ನವೆಂಬರಿನಲ್ಲಿ ಅವರು ಬೀಗರ ಪದದ ಕ್ಯಾಸೆಟ್ಟು ಮಾಡಲು ಹೊರಟರು. ಮದುವೆಯ ಚಪ್ಪರದಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಹಂಗಿಸುವ ಪದ್ಧತಿ ನಮ್ಮ ಕಡೆ ಇದೆ. ಬೀಗರ ಮೀಸೆ, ಹೊಟ್ಟೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಕೊನೆಗೆ ಗಂಡಿನ ತಂದೆ ಹಾಡಿದವಳ ಬಾಯಿಗೆ ಒಂದು ಚೂರು ಬೆಲ್ಲ ಇಡುತ್ತಾನೆ. ಆಗ ಅವಳು ಆ ಮನೆಯನ್ನು ಹೊಗಳಿ ಒಂದು ಪದ ಹೇಳುತ್ತಾಳೆ. ಅದು ಬೆಲ್ಲದ ಪದ. ಅದಾದ ಮೇಲೆ ಚಪ್ಪರದಲ್ಲಿ ಆಡಿದ ಮಾತನ್ನು ಯಾರೂ ಎಲ್ಲಿಯೂ ತಿರುಗಿ ಆಡಬಾರದು.

ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಿಂದ ಮೇಷ್ಟ್ರು ಅರವತ್ತು ದಾಟಿದ ಹೆಂಗಸೊಬ್ಬರನ್ನು ಕರೆತಂದರು. ಸುತ್ತಿನ ಊರವರಿಗೆಲ್ಲ ಆಕೆ ಪದದವ್ವ. ಮೈಕಿನ ಮುಂದೆ ಕೂರಿಸಿದರೆ ಬಾಯೇ ತೆರೆಯಲಿಲ್ಲ.

“ಗ್ವಾಡೆ ನೋಡ್ಕಂಡು ಯಾರ್ನಪ್ಪ ಬೈಯಾದು? ಬೀಗ ಎಲ್ಲವ್ನೆ?”

“ಇವ್ರೇ ಬೀಗ್ರು ಅನ್ಕೊಳವ್ವ” ಎಂದು ಮೇಷ್ಟ್ರು ಸಾಹೇಬರನ್ನು ತೋರಿಸಿದರು.

ಪದದವ್ವ ಅವರನ್ನು ಮೇಲೆ ಕೆಳಗೆ ನೋಡಿದಳು. “ಈ ಸಾಬಣ್ಣಂಗೆ ಮೀಸೆನೂ ಇಲ್ಲ, ಹೊಟ್ಟೆನೂ ಇಲ್ಲ. ಏನಂತ ಬೈಲಿ?”

“ಬೈಯಮ್ಮಾ ಬೈಯಿ,” ಎಂದರು ಸಾಹೇಬರು. “ಮನೇಲಿ ದಿನಾ ಬೈಸ್ಕೊಂಡು ಆದತ್ ಆಗ್ಬುಟ್ಟಿದೆ. ಇಲ್ಲಾದ್ರೆ ತಾಳಕ್ಕಾದ್ರೂ ಬೈತೀಯಾ.”

ನಕ್ಕಳೇ ಹೊರತು ಪದ ಬರಲಿಲ್ಲ. ಅರ್ಧ ಗಂಟೆ ಹೋಯಿತು. ಕೊನೆಗೆ ತಾನೇ ಒಂದು ದಾರಿ ಹುಡುಕಿದಳು. “ಮೊನ್ನೆ ನಮ್ಮೂರ್ ಮದ್ವೇಲಿ ಒಬ್ಬ ಬೀಗುನ್ನ ಬೈದಿದ್ನಲ್ಲ, ಅವುನ್ನೇ ಕಣ್ಮುಂದೆ ಮಡಿಕತೀನಿ ಬುಡು.”

ಆಮೇಲೆ ನಿಲ್ಲಿಸಲು ಆಗಲಿಲ್ಲ. ಆ ಬೀಗರ ಮನೆ ಅಕ್ಕಿಹೆಬ್ಬಾಳಿನ ಹತ್ತಿರ, ಹೇಮಾವತಿ ಹೊಳೆಯ ದಂಡೆಯ ಊರಿನಲ್ಲಿತ್ತು. ಬಾಗಿಲಲ್ಲಿ ಮೂರು ತೆಂಗಿನ ಮರ, ಕೊಟ್ಟಿಗೆಯಲ್ಲಿ ಎಮ್ಮೆಗಳು. ಹಾಲು ಊರಿನ ಹಾಲಿನ ಸೊಸೈಟಿಗೆ ಹೋಗುತ್ತಿತ್ತು.

ಮೂರು ತೆಂಗಿನ ಮರ ಮುಂದಿರೋ ಬೀಗಣ್ಣ
ನಿಮ್ಮೆಮ್ಮೆ ಕರೆದಾವೋ ಹೊಳೆನೀರ, ಸೊಸೈಟಿ
ಕ್ಯಾನಿನ ತುಂಬ ಮೀನ್ಮರಿ

ಸಾಹೇಬರು ನಗು ತಡೆಯಲಾರದೆ ಡೋಲಕ್ ಬಿಟ್ಟರು. ಅದನ್ನು ಇನ್ನೊಮ್ಮೆ ಮುದ್ರಿಸಬೇಕಾಯಿತು. ಎಲ್ಲ ಮುಗಿದ ಮೇಲೆ ಪದದವ್ವ ಬಾಯಿ ತೆರೆದು ಕೂತಳು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. “ಬೆಲ್ಲ ಕೊಡ್ಲಾ,” ಎಂದಳು. ಗಿರಣಿಯವರಿಂದ ಒಂದು ಚೂರು ತಂದು ಕೊಟ್ಟದ್ದು ನಾನು. ಅದನ್ನು ದವಡೆಗೆ ಒತ್ತಿಕೊಂಡು ಹಾಡಿದಳು.

ಆಡಿದ ಮಾತೆಲ್ಲ ಆಟಕ್ಕೆ ಬೀಗಣ್ಣ
ಕೆನೆಗಟ್ಟಿದ ಹಾಲು ನಿಮ್ಮನೆ, ಅದಕೊಂದು
ಬೆಲ್ಲದಚ್ಚಮ್ಮ ನಮ್ಮಗಳು

ಸಂಜೆಯ ಬಸ್ಸಿಗೆ ಆಕೆ ಊರಿಗೆ ಹೋದಳು. ಮೇಷ್ಟ್ರು ನಡುನಡುವೆ ಕೀಬೋರ್ಡಿನಲ್ಲಿ ಕೊಳಲಿನ ದನಿ ಕೂಡಿಸಿದರು. ನಾನು ಅಳೆದೆ. ಕ್ಯಾಸೆಟ್ಟಿನ ಒಂದು ಬದಿಗೆ ಹಿಡಿಸುವುದು ಮೂವತ್ತು ನಿಮಿಷ. ಎರಡನೆಯ ಬದಿ ಮೂವತ್ತಮೂರೂವರೆ ಆಗಿತ್ತು. ಆ ಬದಿಯಲ್ಲಿ ಮೇಷ್ಟ್ರ ಕೊಳಲಿನ ತುಂಡುಗಳೆಲ್ಲ ಸೇರಿ ನಾಲ್ಕು ನಿಮಿಷ. ಬೆಲ್ಲದ ಪದವೂ ನಾಲ್ಕು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ.

“ಒಂದನ್ನ ತೆಗೀಬೇಕು. ಯಾವ್ದು ಹೇಳಿ” ಎಂದರು ಮೇಷ್ಟ್ರು.

“ಕೊನೇದು ನಿಧಾನ. ಬಸ್ಸಲ್ಲಿ ಯಾರು ಕೇಳ್ತಾರೆ?” ಎಂದೆ.

ಸಾಹೇಬರು ಡೋಲಕ್ಕಿನ ಹಗ್ಗ ಸಡಿಲಿಸುತ್ತಿದ್ದರು. “ಮೇಷ್ಟ್ರೇ, ಬೈದ್ಬುಟ್ಟು ಬಾಗ್ಲು ಹಾಕ್ಕೊಂಡಂಗೆ ಆಗ್ತದೆ” ಎಂದರು.

ಮೇಷ್ಟ್ರು ಬೆಲ್ಲದ ಪದವನ್ನು ಕತ್ತರಿಸಿದರು. ಕೊಳಲು ಉಳಿಯಿತು.

ಡಿಸೆಂಬರಿನಲ್ಲಿ ಕ್ಯಾಸೆಟ್ಟು ಬಂತು. ಅವರು ಅದುವರೆಗೆ ಮಾಡಿದ ಯಾವುದೂ ಹಾಗೆ ಓಡಿರಲಿಲ್ಲ. ಕೆ.ಆರ್.ಎಸ್.ನ ಹೋಟೆಲುಗಳಲ್ಲಿ, ನಾಗಮಂಗಲದ ಬಸ್ಸುಗಳಲ್ಲಿ, ಆಲೆಮನೆಗಳಲ್ಲಿ, ಸಕ್ಕರೆ ಕಾರ್ಖಾನೆಗೆ ಕಬ್ಬು ತಂದು ಸಾಲಿನಲ್ಲಿ ನಿಂತ ಟ್ರಾಕ್ಟರುಗಳಲ್ಲಿ ಅದೇ ಪದ. ಮೂರು ತೆಂಗಿನ ಮನೆ ಯಾವುದು ಎಂದು ಹುಡುಕುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ಆ ಮನೆಯ ಯಜಮಾನರು ಸೊಸೈಟಿಗೆ ಹಾಲು ತಂದರೆ ಸಾಲಿನಲ್ಲಿದ್ದವರು ಕ್ಯಾನಿನೊಳಗೆ ಇಣುಕುತ್ತಿದ್ದರು. “ಗೌಡ್ರೇ, ಇವತ್ತು ಮೀನಾ, ಏಡಿಯಾ?” ಜನವರಿಯಲ್ಲಿ ಸೊಸೈಟಿಗೆ ಚುನಾವಣೆ ನಡೆಯಿತು. ಯಜಮಾನರು ಅಧ್ಯಕ್ಷರಾಗಬೇಕೆಂದು ನಿಂತಿದ್ದರು. ಅವರ ಎದುರಾಳಿ ಆಟೋಗೆ ಮೈಕು ಕಟ್ಟಿದ, ಮತ ಕೇಳಲಿಲ್ಲ. ಪದ ಹಾಕಿದ, ಅಷ್ಟೆ. ಯಜಮಾನರು ಸೋತರು.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಒಬ್ಬರು ಗೋದಾಮಿಗೆ ಬಂದರು. ಕೆಳತುಟಿ ಒಡೆದು ಊದಿತ್ತು. ಆ ಮದುವೆಯ ಹೆಣ್ಣಿನ ತಂದೆ ಎಂದು ತಿಳಿಸಿದರು. ಪದದವ್ವನನ್ನು ಚಪ್ಪರಕ್ಕೆ ಕರೆಸಿದ್ದವರು ಅವರೇ.

“ಪದ ಕೇಳ್ದಾಗೆಲ್ಲ ಅಳಿಯ ನನ್ ಮಗಳಿಗೆ ಹೊಡೀತಾವ್ನೆ,” ಎಂದರು. “ಬಸ್ಸಲ್ಲಿ ಬಂದ್ರೂ ಹೊಡ್ತ, ಟ್ರಾಕ್ಟ್ರಲ್ಲಿ ಬಂದ್ರೂ ಹೊಡ್ತ. ಮೊನ್ನೆ ನೋಡ್ಕಂಡ್ ಬರವಾ ಅಂತ ಓಗಿದ್ದೆ. ಅಂಗಳದಲ್ಲೇ ನಂಗೂ ಬಿತ್ತು.”

ಮೇಷ್ಟ್ರು ಕ್ಯಾಸೆಟ್ಟು ವಾಪಸು ತರಿಸುತ್ತೇನೆ ಎಂದರು.

“ವಾಪಸ್ ಯಾಕೆ ಸ್ವಾಮಿ? ಬೈಯ್ಯಾದ್ ತಪ್ಪಲ್ಲ. ಬೆಲ್ಲುದ್ ಪದ ಯಾಕ್ ಬುಟ್ರಿ? ಬೀಗ್ರೂ ಅದನ್ನೇ ಕೇಳ್ತಾವ್ರೆ. ನಾನು ಬೆಲ್ಲ ಇಟ್ಟಿವ್ನಿ, ಅವ್ಳು ಪದ ಯೋಳವ್ಳೆ, ಅದೆಲ್ಲೋಯ್ತು ಅಂತಾವ್ರೆ. ಅದೊಂದ್ ಹಾಕ್ಬುಡಿ.”

“ಒಂದು ವಾರ” ಎಂದರು ಮೇಷ್ಟ್ರು.

ಶಿವರಾತ್ರಿ ಹತ್ತಿರ ಬರುತ್ತಿತ್ತು. ಮೂರು ಭಕ್ತಿಗೀತೆಯ ಕ್ಯಾಸೆಟ್ಟುಗಳನ್ನು ಒಪ್ಪಿಕೊಂಡಿದ್ದರು. ಬೆಲ್ಲದ ಪದದ ಟೇಪನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಕಪಾಟಿನ ಮೇಲಿಟ್ಟರು. ಹೆಣ್ಣಿನ ತಂದೆ ಎರಡು ಸಲ ಕಾರ್ಡು ಬರೆದರು. ಎರಡನ್ನೂ ನಾನು ಓದಿದೆ. ಎರಡನೆಯದರಲ್ಲಿ ಒಂದೇ ಸಾಲು ಇತ್ತು: ‘ಪದ ಆಯಿತೇ?’ ಡಬ್ಬಿ ಕಪಾಟಿನ ಮೇಲೇ ಇತ್ತು.

ಮಾರ್ಚ್ ಮೊದಲ ವಾರ ಅಳಿಯ ಹಾಲಿನ ಕ್ಯಾನಿನ ಮುಚ್ಚಳದಿಂದ ಹೆಂಡತಿಯ ಕಿವಿಯ ಮೇಲೆ ಹೊಡೆದ. ರಕ್ತ ಬಂತು. ತವರಿನವರು ಹೋಗಿ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ವೈದ್ಯರು ಹೇಳಿದರು.

ಗೋದಾಮಿಗೆ ನುಗ್ಗಿದ ಮೂವರು ಮೂರು ತೆಂಗಿನ ಮನೆಯವರಲ್ಲ. ಊರೆಲ್ಲ ಹಾಗೆಂದುಕೊಂಡಿತು. ಅವರು ಆ ಹೆಣ್ಣಿನ ಇಬ್ಬರು ಅಣ್ಣಂದಿರು ಮತ್ತು ಚಿಕ್ಕಪ್ಪನ ಮಗ.

ಗಿರಣಿ ಮತ್ತೆ ಓಡಲು ಶುರುವಾಗುವವರೆಗೆ ಅವರು ಹೊರಗೆ ಕಾದಿದ್ದರು. ಒಳಗೆ ಬಂದು ಬಾಗಿಲು ಹಾಕಿಕೊಂಡರು. ನೆಲ ನಡುಗುತ್ತಿತ್ತು. ದೊಡ್ಡಣ್ಣ ಕೂಗಿ ಮಾತಾಡಬೇಕಾಯಿತು.

“ನಮ್ ತಂಗಿ ಕಿವಿ ಓಯ್ತು. ಅಳಿಯನ್ ಮೇಲೆ ನಾವು ಕೈ ಮಾಡಂಗಿಲ್ಲ. ಯಾರ್ ಮೇಲೆ ಮಾಡವಾ? ನೀನೇ ಯೋಳು.”

“ಒಂದು ವಾರ ಕೊಡಪ್ಪ, ಪದ ಸೇರಿಸ್ತೀನಿ.”

“ಸಂಕ್ರಾಂತಿಲೂ ಇದೇ ಯೋಳ್ದಲ್ಲಾ. ಆ ಪದವ ತೆಗ್ಸುದ್ದು ಯಾರು?”

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. “ನಾನೇ” ಎಂದರು.

“ಯಾವ್ ಕೈಲಿ ಬಾರಿಸ್ತೀಯೆ?”

ಚಿಕ್ಕಪ್ಪನ ಮಗ ಹೇಳಿದ: “ಬಲಗೈ ಕಣಣ್ಣ. ನಮ್ಮೂರ್ ನಾಟ್ಕಕ್ಕೆ ಬಂದಿದ್ದಾಗ ನೋಡಿವ್ನಿ. ಚೆನ್ನಾಗ್ ಬಾರಿಸ್ತಾರೆ.”

ಸಾಹೇಬರು ನಡುವೆ ಬಂದು, “ಅರೆ ಬೇಟಾ, ಬೇಡ, ಕೈ ಬೇಡ” ಎಂದು ಎತ್ತಿದ ಸಲಾಕೆಯನ್ನು ಹಿಡಿದರು. ಎರಡನೆಯವನು ಕೀಬೋರ್ಡಿನ ಕಬ್ಬಿಣದ ಸ್ಟ್ಯಾಂಡು ಎತ್ತಿ ಅವರ ತಲೆಗೆ ಹೊಡೆದ. ಅವರು ಡೋಲಕ್ಕಿನ ಮೇಲೆಯೇ ಬಿದ್ದರು. ಮೇಷ್ಟ್ರ ಕೈಗೆಂದು ಸಲಾಕೆಯನ್ನು ನಾಲ್ಕು ಸಲ ಬೀಸಿದರು. ಮೊದಲನೆಯದು ಚೌಕಟ್ಟಿಗೆ ತಗುಲಿ ಮರ ಸೀಳಿತು. ಉಳಿದ ಮೂರು ಗುರಿ ತಪ್ಪಲಿಲ್ಲ. ಮೇಷ್ಟ್ರು ಕೂಗಿದ್ದು ಗಿರಣಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಬಾಯಿ ತೆರೆದದ್ದು ಕಂಡಿತು. ನಾನು ಗೋಣಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ನನ್ನ ಗಡಿಯಾರದಲ್ಲಿ ಮೂರು ಗಂಟೆ ಎಂಟು ನಿಮಿಷ.

ಹೋಗುವಾಗ ದೊಡ್ಡಣ್ಣ ತನ್ನ ಟವೆಲನ್ನು ಮೇಷ್ಟ್ರ ಕೈಗೆ ಸುತ್ತಿದ. “ಪದ ಹಾಕು” ಎಂದು ಹೇಳಿ ಹೋದ.

ಪೊಲೀಸರು ಆಸ್ಪತ್ರೆಗೆ ಬಂದಾಗ ಮೇಷ್ಟ್ರು, ಸಾಹೇಬರು ಇಬ್ಬರೂ ಗುರುತು ಸಿಗಲಿಲ್ಲ ಎಂದು ಹೇಳಿಕೆ ಕೊಟ್ಟರು. ನಾನೂ ಹಾಗೆಯೇ ಕೊಟ್ಟೆ.

ಹನ್ನೊಂದನೆಯ ದಿನ ಮೇಷ್ಟ್ರು ಗೋದಾಮಿಗೆ ಬಂದರು. ಡಬ್ಬಿಯ ಟೇಪು ಎರಡನೆಯ ಬದಿಗಾಯಿತು, ಮೊದಲ ಬದಿಗೂ ಒಂದು ಬೆಲ್ಲದ ಪದ ಹಾಡಿಸಲು ಪದದವ್ವನನ್ನು ಮತ್ತೆ ಕರೆಸಿದ್ದರು. ಅವಳು ಪಟ್ಟಿ ಕಟ್ಟಿದ ಕೈಯನ್ನೂ ಸಾಹೇಬರ ಬೋಳಿಸಿದ ತಲೆಯನ್ನೂ ನೋಡಿದಳು. ಆಮೇಲೆ ಚಪ್ಪಲಿ ತೆಗೆದು ಮೇಷ್ಟ್ರ ಭುಜಕ್ಕೆ ಎರಡು ಏಟು ಹಾಕಿದಳು.

“ಬೆಲ್ಲ ತಿಂದು ಬಾಯ್ ಕಟ್ಟುದ್ ಮಾತ ಊರ್ ಮೇಲೆ ಬುಟ್ಯಲ್ಲಾ! ನಿಂಗೆ ಅವ್ವ ಇಲ್ವೇನ್ಲಾ?”

“ಇಲ್ಲ ಕಣವ್ವ” ಎಂದರು ಮೇಷ್ಟ್ರು.

ಚಪ್ಪಲಿ ಕೆಳಗೆ ಹಾಕಿ ಮೈಕಿನ ಮುಂದೆ ಕೂತಳು. ಅವರು ಎಡಗೈಯಲ್ಲಿ ಶ್ರುತಿಯೊಂದನ್ನೇ ಹಿಡಿದರು. ಸಾಹೇಬರು ಬೆರಳ ತುದಿಯಲ್ಲಿ ನುಡಿಸಿದರು. ಕೊಳಲಿನ ತುಂಡುಗಳನ್ನೆಲ್ಲ ತೆಗೆದರು. ಬೆಲ್ಲದ ಪದ ಎರಡು ಬದಿಯ ಕೊನೆಯಲ್ಲೂ ಬಂತು.

ಏಪ್ರಿಲಿನಲ್ಲಿ ಹೆಣ್ಣಿನ ತಂದೆ, ಪದದವ್ವ ಹೊಸ ಕ್ಯಾಸೆಟ್ಟನ್ನೂ ಟೇಪ್ ರೆಕಾರ್ಡರನ್ನೂ ತೆಗೆದುಕೊಂಡು ಮೂರು ತೆಂಗಿನ ಮನೆಗೆ ಹೋದರು. ಮೇಷ್ಟ್ರ ಜೊತೆ ನಾನೂ ಹೋಗಿದ್ದೆ. ಯಜಮಾನರು ಜಗುಲಿಯಲ್ಲಿ ಕೂತು ಎರಡು ಬದಿಯನ್ನೂ ಕೇಳಿದರು. ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಪದದವ್ವನ ಬಾಯಿಗೆ ಚೂರಿಟ್ಟರು. “ಹುಡುಗೀನ ಕಳಿಸ್ಕೊಡಿ” ಎಂದರು. ಅಷ್ಟರಲ್ಲಿ ಮಗ ಕೊಟ್ಟಿಗೆಯಿಂದ ಬಂದು ಟೇಪ್ ರೆಕಾರ್ಡರನ್ನು ಒದ್ದ. ಅದು ಜಗುಲಿಯಿಂದ ಬಿದ್ದು ಒಡೆಯಿತು. ತಂದೆ ಎದ್ದು ಮಗನ ಕಪಾಳಕ್ಕೆ ಹೊಡೆದರು. ಮಗ ತಂದೆಯ ಕೊರಳಪಟ್ಟಿ ಹಿಡಿದ. ಬಿಡಿಸಲು ನಾಲ್ಕು ಜನ ಬೇಕಾದರು.

ಅದೇ ಸಂಜೆ ನಾಗಮಂಗಲದ ಕಡೆಯ ಆ ಹಳ್ಳಿಗೆ, ಹುಡುಗಿಯ ತವರಿಗೆ ಹೋದೆವು. ಅಣ್ಣಂದಿರು ಬೇರೊಂದು ಟೇಪ್ ರೆಕಾರ್ಡರು ತಂದಿಟ್ಟರು. ಹುಡುಗಿ ಕಂಬಕ್ಕೆ ಒರಗಿ, ಬಲಗಿವಿಯನ್ನು ಇತ್ತ ತಿರುಗಿಸಿ ಬೆಲ್ಲದ ಪದ ಕೇಳಿದಳು.

“ಚೆನ್ನಾಗದೆ. ನಾ ಓಗಕಿಲ್ಲ” ಎಂದಳು.

ದೊಡ್ಡಣ್ಣ ಕೈ ಎತ್ತಿದ. “ಬೆಲ್ಲ ಇಟ್ಟವ್ರೆ ಕಣವ್ವ! ಇನ್ನೇನ್ ಮಾಡ್ಬೇಕು ಅವ್ರು?” ತಂದೆ ಅವನ ಕೈ ಹಿಡಿದುಕೊಂಡರು.

“ಹೊಡಿ. ಈ ಕಡೆ ಕಿವಿ ಇನ್ನೂ ಅದೆ” ಎಂದಳು.

ಅವನು ಕೈ ಇಳಿಸಿ ಹೊರಗೆ ಹೋದ. ಅವಳು ಹೋಗಲಿಲ್ಲ.

ಮುಂದಿನ ಎರಡು ತಿಂಗಳು ಮೇಷ್ಟ್ರು ಚೀಲ ತುಂಬ ಹೊಸ ಕ್ಯಾಸೆಟ್ಟು ಹಾಕಿಕೊಂಡು ಬಸ್ಸು ಹತ್ತಿ ಇಳಿದರು. ಶ್ರೀರಂಗಪಟ್ಟಣ, ಕೆ.ಆರ್.ಎಸ್., ಕೆ.ಆರ್. ಪೇಟೆ, ನಾಗಮಂಗಲ. ಹಳೆಯದು ಕೊಟ್ಟರೆ ಹೊಸದು. ಹೋಟೆಲಿನವರು ಕೊಟ್ಟರು. ಬಸ್ಸಿನವರಲ್ಲಿ ಹೆಚ್ಚಿನವರು ಕೊಡಲಿಲ್ಲ.

“ಹೊಸದ್ರಲ್ಲಿ ಮ್ಯೂಸಿಕ್ಕೇ ಇಲ್ವಲ್ಲ ಮೇಷ್ಟ್ರೇ,” ಎಂದ ಒಬ್ಬ ಚಾಲಕ. “ಆ ಕೊಳಲೇ ಅಲ್ವಾ ಚೆಂದ? ಯಾರ್ ಬಾರ್ಸಿದ್ದೋ ಏನೋ, ಭಾರಿ ಕೈ ಬುಡಿ.”

ಕೆ.ಆರ್. ಪೇಟೆ ನಿಲ್ದಾಣದಲ್ಲಿ ಬಸ್ಸಿನ ಟೇಪಿಗೆ ತಾವೇ ಕೈ ಹಾಕಿದ್ದಕ್ಕೆ ಒಬ್ಬ ಕ್ಲೀನರು ಅವರನ್ನು ಮೆಟ್ಟಿಲಿನಿಂದ ತಳ್ಳಿದ. ಕೂಡುತ್ತಿದ್ದ ಮೂಳೆಗಳಲ್ಲಿ ಒಂದು ಮತ್ತೆ ಮುರಿಯಿತು.

ಬಲಗೈಯ ಎರಡು ಬೆರಳು ಆಮೇಲೆ ಮಡಚಲಿಲ್ಲ. ಮೇಷ್ಟ್ರು ಗೋದಾಮು ಬಿಟ್ಟು ನಾಗಮಂಗಲಕ್ಕೆ ಹೋದರು. ಸಾಹೇಬರು ಬ್ಯಾಂಡಿಗೆ ಮರಳಿದರು. ಪದದವ್ವ 1998ರಲ್ಲಿ ತೀರಿಕೊಂಡಳು. ಹುಡುಗಿ ತವರಿನಲ್ಲೇ ಉಳಿದು ಹೊಲಿಗೆ ಕಲಿತಳು.

1999ರ ಡಿಸೆಂಬರಿನಲ್ಲಿ ಪಾಂಡವಪುರದಿಂದ ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಹಳೆಯ ಕ್ಯಾಸೆಟ್ಟು ಹಾಕಿದ್ದರು. ಎರಡನೆಯ ಬದಿ ಕೊಳಲಿನೊಂದಿಗೆ ಮುಗಿಯಿತು. ಚಾಲಕ ಕ್ಯಾಸೆಟ್ಟು ತೆಗೆದು, ತಿರುಗಿಸಿ ಹಾಕಿದ.